ಅಕಾನೆ ಕಟ್ಟಿದ ಕೆಂಪು

ಬಹಳ ಹಿಂದೆ, ಸೂರ್ಯ ಎಲ್ಲರಿಗಿಂತ ಮೊದಲು ಎದ್ದು ಬರೋ ಜಪಾನ್ ಸೀಮೇಲಿ ಒಂದು ರಾಜ್ಯ ಇತ್ತಂತೆ. ಅಲ್ಲೊಂದು ಬಣ್ಣಗಾರರ ಕೇರಿ. ಆ ಕೇರೀಲಿ ಅಕಾನೆ ಅನ್ನೋ ಹುಡುಗಿ, ಅವಳಿಗೆ ದಿಕ್ಕು ಅಂತ ಇದ್ದೋಳು ಅಜ್ಜಿ ಒಬ್ಬಳೇ. ಕೇರಿ ಪದ್ಧತಿ ಏನು ಗೊತ್ತಾ? ಹುಡುಗಿ ತನ್ನ ಕೈಯಾರೆ ಒಂದು ಬಟ್ಟೆಗೆ ಬಣ್ಣ ಕಟ್ಟೋವರೆಗೂ ಅವಳ ಹೆಸರಿನ ಅರ್ಥ ಯಾರೂ ಹೇಳಬಾರದು! ಅಕಾನೆಗೋ ವಿಪರೀತ ಆತುರ. ಒಂದು ಬಟ್ಟೇನೂ ಸರಿಯಾಗಿ ಮುಗಿಸಿರಲಿಲ್ಲ.

ಒಂದಿನ ಬೆಳಗ್ಗೆ ಗೊಂಜೊ ಅನ್ನೋ ಮಂತ್ರವಾದಿ ಬಂದ. ಮನುಷ್ಯರ ಬಣ್ಣ ಕುಡಿದೇ ಬದುಕೋನು ಅವನು. ಅಜ್ಜಿ ಕಡೆ ತಿರುಗಿ ಸೊರ್ರ್ ಅಂತ ಹೀರಿದ, ಅಷ್ಟೇ! ಅಜ್ಜಿ ಕಾಗದದ ಹಾಗೆ ಬೆಳ್ಳಗಾಗಿ, ತೆಳ್ಳಗಾಗಿ, ಗಾಳಿಗೆ ಪಟಪಟ ಅನ್ನೋಕೆ ಶುರು.

"ಅಯ್ಯೋ, ನಮ್ಮಜ್ಜೀನ ಬಿಟ್ಬಿಡೋ!"

"ಬಿಡ್ತೀನಿ ಕಣೇ ಬಾಯಿಬಡುಕಿ. ಸಂಜೆಯೊಳಗೆ ನಿನ್ನ ಹೆಸರಿನ ಅರ್ಥ ನನ್ನ ಕಣ್ಣಿಗೆ ತೋರಿಸು. ಇಲ್ದಿದ್ರೆ ನಿಮ್ಮಜ್ಜಿ ಗಾಳಿಪಟ!"

ಕೇರಿ ಪದ್ಧತಿ ಗೊತ್ತಿದ್ದೇ ಕೇಳಿದ, ಕಳ್ಳ!

ಅಜ್ಜಿ ಹಾರಿಹೋಗದ ಹಾಗೆ ಅಕಾನೆ ಅವಳ ಬಟ್ಟೆ ಅಂಚಿಗೆ ನಾಲ್ಕು ಕಲ್ಲಿಟ್ಟು, ಸಾವಿರ ವರ್ಷದ ಆಮೆ ಇರೋ ಕೊಳಕ್ಕೆ ಓಡಿದ್ಲು.

"ಆಮೆತಾತಾ, ಬೇಗ ಹೇಳು, ಬೇಗ!"

"ಬೇಗ ಅನ್ನೋದು ನನಗೆಲ್ಲಿ ಬರುತ್ತೆ ಮಗಳೇ? ಕೇಳು. ಕೇರಿ ಪದ್ಧತಿ ಮನುಷ್ಯರಿಗೆ, ನನಗಲ್ಲ. ಅಕಾ ಅಂದ್ರೆ ಕೆಂಪು, ನೆ ಅಂದ್ರೆ ಬೇರು. ಮಂಜಿಷ್ಠದ ಬೇರು. ಈ ರಾಜ್ಯಕ್ಕೆ ರಾಜ ಬರೋ ಮೊದಲೇ ನಿಮ್ಮೋರು ಅದನ್ನ ಅಗೆದು ಬಟ್ಟೆ ಕೆಂಪು ಮಾಡ್ತಿದ್ರು. ಹಳೇ ಹಾಡುಗಳಲ್ಲಿ ಸೂರ್ಯನ ಬೆಳಕಿಗೂ ಅದೇ ಮಾತು. ಆಮೇಲೆ ಅದೇ ಹೆಸರು ಹೆಣ್ಮಕ್ಕಳಿಗೆ ಇಟ್ರು."

ಅಕಾನೆ ಓಡಿ ಬಂದು ಮನೇಲಿದ್ದ ಮಂಜಿಷ್ಠದ ಬೇರು ಜಜ್ಜಿ ಒಲೆಗಿಟ್ಲು. ಆತುರಕ್ಕೆ ಧಗಧಗ ಬೆಂಕಿ! ನೀರು ಕುದ್ದು ಬಟ್ಟೆ ಕಂದುಬಣ್ಣಕ್ಕೆ ತಿರುಗ್ತು. ಎರಡನೇ ಸಲ, ಬಣ್ಣ ಹಿಡಿಯೋಕೆ ಬಟ್ಟೇನ ಮೊದಲು ಬೂದಿನೀರಲ್ಲಿ ನೆನೆಸೋದೇ ಮರೆತ್ಲು. ಜಾಲಿಸಿದ್ರೆ ಬಣ್ಣವೆಲ್ಲ ಹರಿದುಹೋಯ್ತು. ಉಳಿದಿದ್ದು ಒಂದೇ ಹಿಡಿ ಬೇರು.

ಮೂರನೇ ಸಲ ಬೂದಿನೀರಲ್ಲಿ ಅದ್ದಿದ್ಲು, ಸಣ್ಣ ಉರಿ ಇಟ್ಲು. ಹೊತ್ತು ಬಿದಿರಿನ ತುದಿಗೆ ಇಳೀತು. ಒಂದು ಕಲ್ಲು ಉರುಳ್ತು, ಅಜ್ಜಿಯ ಒಂದು ಮೂಲೆ ಮೇಲೆದ್ತು! ಅಕಾನೆ ಒಂದು ಕೈಲಿ ಅಜ್ಜೀನ ಅದುಮಿ ಹಿಡಿದು, ಇನ್ನೊಂದು ಕೈಲಿ ಬಟ್ಟೆ ತಿರುವಿದ್ಲು. ಇನ್ನೊಂದು ಸೌದೆ ತುರುಕೋಣ ಅಂತ ಕೈ ತುರಿಸ್ತು. ಆದ್ರೂ ತುರುಕಲಿಲ್ಲ. ಅದ್ದಿದ್ಲು, ಎತ್ತಿದ್ಲು, ಮತ್ತೆ ಅದ್ದಿದ್ಲು.

"ಎಲ್ಲಿ ಅರ್ಥ?" ಅಂತ ಗೊಂಜೊ ಬಾಗಿಲಿಗೆ ಬಂದ.

"ಇಗೋ!" ಅಂತ ಬಟ್ಟೆ ಎತ್ತಿ ಹಿಡಿದ್ಲು. ಎಂಥಾ ಕೆಂಪು!

ದುರಾಸೆಗೆ ಗೊಂಜೊ ಅದನ್ನೂ ಹೀರೋಕೆ ಹೋದ. ಬೂದಿನೀರಲ್ಲಿ ಕಟ್ಟಿದ ಬಣ್ಣ ಬಿಡುತ್ತಾ? ಬಿಡಲ್ಲ! ಹೀರಿದ, ಹೀರಿದ, ಉಬ್ಬಿದ, ಟಪ್ ಅಂತ ಒಡೆದೇಹೋದ. ಅವನು ಕುಡಿದಿದ್ದ ಬಣ್ಣವೆಲ್ಲ ಅವರವರ ಮೈಗೆ ವಾಪಸ್ ಹಾರಿಬಂತು.

ಅಜ್ಜಿ ಕೆನ್ನೆ ಕೆಂಪಾಯ್ತು, ಕಣ್ಣು ಬಿಟ್ಟಳು, ಬಟ್ಟೆ ಮುಟ್ಟಿ ನೋಡಿದಳು. "ಅಂಚಲ್ಲಿ ಒಂಚೂರು ಮಾಸಲು ಕಣೇ," ಅಂದು ಮೊಮ್ಮಗಳನ್ನ ಗಟ್ಟಿಯಾಗಿ ತಬ್ಬಿಕೊಂಡಳು.

ಅವತ್ತಿಂದ ಆ ರಾಜ್ಯದಲ್ಲಿ ಯಾರ ಮುಖವೂ ಬಿಳಿಚಲಿಲ್ಲ. ಅವರೆಲ್ಲ ಅಲ್ಲಿ ಸುಖವಾಗಿದ್ರು, ಕೇಳಿದ ನಾವೂ ಇಲ್ಲಿ ನಗ್ತಾ ಇರೋಣ.