ಗೇಟಿನ ಪಕ್ಕದ ಕರಿಹಣ್ಣು

"ಆ ಗಿಡದ ಹಣ್ಣು ಮಾತ್ರ ಬಾಯಿಗೆ ಹಾಕ್ಬೇಡಿ ಡಾಕ್ಟ್ರೇ. ಬುಡದಲ್ಲಿ ಮಾಟ ಹೂತಿದ್ದಾರೆ."

ಪಕ್ಕದ ಮನೆಯ ದರ್ಜಿಯ ಹೆಂಡತಿ ಗೋಡೆಯಾಚೆಯಿಂದ ಪಿಸುಗುಟ್ಟಿದಾಗ ಹಲ್ಲಿನ ಡಾಕ್ಟರು ನೋಡಿದ್ದು ಅವಳ ಹುಳುಕು ಹಲ್ಲುಗಳನ್ನು. "ಮೊದಲು ನಿಮ್ಮ ಬಾಯಿ ತೊಳ್ಕೊಳ್ಳಿ ಅಮ್ಮ. ಮಾಟ ಇರೋದು ಅಲ್ಲಿ."

"ನಿಮ್ಮ ಮನೆ ಹಳೇ ಯಜಮಾನಿ ಸವತಿಗೆ ಮಾಡ್ಸಿದ್ದು. ಹಕ್ಕಿ ಕೂಡ ಮುಟ್ಟಲ್ಲ, ನೋಡಿ."

"ಹಕ್ಕಿಗೂ ನಿಮ್ಮಷ್ಟೇ ಬುದ್ಧಿ!"

ಊರವರ ಬಾಯಿಗೆಲ್ಲ ಕೈ ಹಾಕುವವನಿಗೆ ಊರವರ ಮಾತೆಂದರೆ ಅಷ್ಟಕ್ಕಷ್ಟೆ. ಹೆಂಡತಿಯೊಂದಿಗೆ ಆ ಮನೆ ಸೇರಿ ಎರಡು ತಿಂಗಳಾಗಿತ್ತು. ಗೇಟಿನ ಪಕ್ಕ ಎದೆಮಟ್ಟದ ಆ ಗಿಡ. ವರ್ಷವಿಡೀ ಹಸಿರಾಗಿರುವ ಜಾತಿ, ಮೇಣ ಸವರಿದಂಥ ಎಲೆ. ಹಠಕ್ಕೆ ಬಿದ್ದವನಂತೆ ಗೊಬ್ಬರ ಹಾಕಿದ, ಒಣಕೊಂಬೆ ಸವರಿದ, ದಿನವೂ ನೀರುಣಿಸಿದ. ಕಪ್ಪು ಹಣ್ಣು ಗೊಂಚಲು ಗೊಂಚಲಾಗಿ ತೂಗಿದವು. ತಿನ್ನುವ ಹಣ್ಣೇ ಎಂದು ನರ್ಸರಿಯವನೂ ಹೇಳಿದ್ದ.

ಒಂದು ಭಾನುವಾರ, ನಡುಮಧ್ಯಾಹ್ನ, ಬುಡ ಸಡಿಲಿಸುವಾಗ ಗುದ್ದಲಿಗೆ ಮೆತ್ತಗಿನದೇನೋ ತಾಗಿತು. ಕೂದಲು ಸುತ್ತಿದ ಬಟ್ಟೆಗಂಟು. ಕಮಟು ಎಣ್ಣೆಯ ನಾತ ಗಪ್ಪೆಂದು ಮೂಗಿಗೆ ಬಡಿಯಿತು. ಬಿಚ್ಚಿದರೆ ಹಲ್ಲುಗಳು. ಮನುಷ್ಯರವು.

"ಕಿತ್ತೋನಿಗೆ ಕೆಲಸ ಬರ್ತಿರ್ಲಿಲ್ಲ," ಎಂದು ಮೂಗು ಮುರಿದು, ಗಂಟನ್ನು ಮತ್ತೆ ಸುತ್ತಿ ಚರಂಡಿಗೆಸೆದ. ದರ್ಜಿಯ ಹೆಂಡತಿ ಕಿಟಕಿಯಲ್ಲಿದ್ದಳು. ಅವಳಿಗೆ ಕಾಣಲೆಂದೇ ಒಂದು ಹಿಡಿ ಹಣ್ಣು ಬಾಯಿಗೆ ತುಂಬಿಕೊಂಡ.

ಸಿಹಿ. ಆಮೇಲೆ ತುಕ್ಕು ಹಿಡಿದ ಕಬ್ಬಿಣದ ರುಚಿ. ಬೀಜ ಸಿಕ್ಕಿತು. ಉಗುಳಿದ.

ಬೀಜವಲ್ಲ. ಹಲ್ಲು.

ನೋವಿಲ್ಲ, ರಕ್ತವಿಲ್ಲ. ನಾಲಿಗೆ ಸೋಕಿದ್ದೇ ತಡ, ಇನ್ನೊಂದು ಉದುರಿತು. ಮತ್ತೊಂದು. ಗಾಳಿಯಿಲ್ಲದಿದ್ದರೂ ಗಿಡ ಸರಸರ ಅಲುಗಿತು. ಒಳಗಿನಿಂದ ಹೆಂಡತಿ, "ಬೆಳಿಗ್ಗೆ ಕಿತ್ತಿಟ್ಟ ಹಣ್ಣು ತೊಳ್ದಿದೀನಿ ರೀ, ತಿನ್ಲಾ?" ಎಂದಳು.

ಕೂಗಹೋದ. ಬರೀ ಗಾಳಿ ಹೊರಟಿತು. ಓಡಿದ. ಅವಳ ಕೈಯ ಬಟ್ಟಲನ್ನು ಬಡಿದು ಬೀಳಿಸಿದ. ಮತ್ತೆ ಹೊರಗೋಡಿದ. ಚರಂಡಿಗಿಳಿದ. ಮೊಣಕೈವರೆಗೆ ಕೊಚ್ಚೆ. ತಡಕಿದ. ಸಿಕ್ಕಿತು. ಬರಿಗೈಯಲ್ಲಿ ಮಣ್ಣು ತೋಡಿದ. ಗಂಟು ಹೂತ. ಗಿಡದ ಬುಡಕ್ಕೆ ಹಣೆ ಚಚ್ಚಿಕೊಂಡ. "ತಪ್ಪಾಯ್ತು... ತಪ್ಪಾಯ್ತು..."

ಎಲೆಗಳು ಸ್ತಬ್ಧವಾದವು. ಬಾಯಲ್ಲಿ ನಾಲ್ಕು ಹಲ್ಲು ಉಳಿದಿದ್ದವು.

ಗಿಡಕ್ಕೆ ಒಂದು ಹೊತ್ತು ನೀರು ತಪ್ಪಿದರೂ ಆ ನಾಲ್ಕೂ ಅಲ್ಲಾಡುತ್ತಿದ್ದವು. ಕ್ಲಿನಿಕ್ಕಿಗೆ ಬೀಗ ಬಿತ್ತು. ಅವನು ಗೇಟು ದಾಟುವುದನ್ನೇ ಬಿಟ್ಟ. ಹೆಂಡತಿಯ ತಾಯಿ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆಯೂ ನೀರಿನ ಕ್ಯಾನು ಹಿಡಿದೇ ನಿಂತಿದ್ದ.

"ಹೊರಡಿ. ಬಸ್ಸಿಗೆ ಹೊತ್ತಾಯ್ತು."

"ಗಿಡ..." ಎಂದು ತಲೆಯಾಡಿಸಿದ.

"ನಾಲ್ಕು ಹಲ್ಲಿಗಾ?"

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಥೂ ಎಂದು ಉಗಿದು, ಚೀಲ ಹೆಗಲಿಗೇರಿಸಿ ನಡೆದಳು. ಮತ್ತೆ ಆ ಮನೆಯ ಹೊಸಿಲು ತುಳಿಯಲಿಲ್ಲ.