ತೊಂಬತ್ತನೆಯ ಸೆಕೆಂಡಿನ ನಂತರ

“ಅದನ್ನು ಮುಟ್ಟಬೇಡಿ ಮಾರಾಯ್ರೆ.”

ಯಶ್ಮಿತಾಳ ಬೆರಳು ಸೌಂಡ್ ಮಿಕ್ಸರಿನ ಮೇಲೆ, ಗಾಳಿಯಲ್ಲೇ ನಿಂತಿತು.

ದುಬೈಯ ಅಲ್ ಕುಸೈಸಿನ ಗೋದಾಮಿನಲ್ಲಿ ಸ್ಪೀಕರುಗಳ ಸಂದಿಯಿಂದ ಒಬ್ಬ ಎದ್ದು ಬಂದ. ಕೊರಳಲ್ಲಿ ಹೆಡ್‌ಫೋನ್, ಕೈಯಲ್ಲಿ ಅರ್ಧ ಕುಡಿದ ಕರಕ್ ಚಹಾ.

“ನಾನು ಊರಿನವಳು ಅಂತ ಹೇಗೆ ಗೊತ್ತಾಯ್ತು?”

“ಈಗಷ್ಟೇ ಫೋನಿನಲ್ಲಿ ಅಮ್ಮನ ಹತ್ರ ತುಳುವಿನಲ್ಲಿ ಜಗಳ ಮಾಡಿದ್ರಲ್ಲ. ನಿಮಗೆ ಗಂಡು ನೋಡ್ತಿದ್ದಾರೆ ಅಂತ ಇಡೀ ಗೋದಾಮಿಗೆ ಗೊತ್ತಾಗಿದೆ. ನಾನು ಲಿಯೊನೆಲ್. ಶಿರ್ವದವ, ಇಲ್ಲಿ ಸೌಂಡ್ ನೋಡಿಕೊಳ್ಳುವವ.”

ಅವಳ ಕಿವಿ ಬಿಸಿಯಾಯಿತು. “ಅಪ್ಪನ ಊರು ಕಾಪು. ನಾನು ಇಲ್ಲೇ ಬೆಳೆದದ್ದು,” ಎಂದಳು. ಯಾಕೆ ಹೇಳಿದೆನೋ ಎಂದು ತಕ್ಷಣ ಅನ್ನಿಸಿತು.

ಅದು 2014ರ ಫೆಬ್ರವರಿ. ಜಪಾನಿನ ರಾಕ್ ಗಾಯಕ ಕನಮೋರಿಯನ್ನು ಇವರಿಬ್ಬರೂ ಕೆಲಸಕ್ಕಿದ್ದ ಕಂಪೆನಿ ಎರಡು ಕಾರ್ಯಕ್ರಮಗಳಿಗೆ ಕರೆಸುತ್ತಿತ್ತು. ಗುರುವಾರ ದುಬೈ, ಶನಿವಾರ ಅಬುಧಾಬಿ. ಕನಮೋರಿಯ ಬ್ಯಾಂಡ್ ಎಂದೋ ಒಡೆದುಹೋಗಿತ್ತು. ಆಮೇಲೆ ಒಂದು ಆ್ಯನಿಮೆ ಕಾರ್ಟೂನ್ ಸರಣಿಯ ಶೀರ್ಷಿಕೆ ಗೀತೆ ಅವನನ್ನು ಮನೆಮನೆಗೆ ತಲುಪಿಸಿತು.

ಯಶ್ಮಿತಾ ಆ ಹಾಡನ್ನು ಟೀವಿಯಲ್ಲಿ ಮೊದಲು ಕೇಳಿದಾಗ ಅವಳಿಗೆ ಹತ್ತು ವರ್ಷ. ಅದಕ್ಕಾಗಿಯೇ ಜಪಾನಿ ಕಲಿತಳು. ಆ ಭಾಷೆಯಿಂದಲೇ ಈ ದುಭಾಷಿ ಕೆಲಸ ಸಿಕ್ಕಿತ್ತು. ಪ್ರೊಬೇಶನ್ ಇನ್ನೂ ಮುಗಿದಿರಲಿಲ್ಲ.

ಮೂರು ವಾರ ಲಿಯೊನೆಲ್ ಆ ಹಾಡಿನಿಂದ ದಿನಕ್ಕೊಂದು ಸಾಲಿನ ಅರ್ಥ ಕೇಳಿದ. ಅವಳು ಹೇಳಿದ ಮೇಲೆ ಇಬ್ಬರೂ ಸುಮ್ಮನಾಗುತ್ತಿದ್ದರು. ಆ ಸುಮ್ಮನಿರುವಿಕೆಗೆ ಅವಳು ದಿನವಿಡೀ ಕಾಯತೊಡಗಿದಳು.

ಕಾರ್ಯಕ್ರಮದ ದಿನ ಗಾಯಕನ ವಿಮಾನ ತಡವಾಯಿತು. ಕೊನೆಯ ಹಾಡು ಆ ಶೀರ್ಷಿಕೆ ಗೀತೆಯೇ; ಅದರ ತಾಲೀಮು ಆಗಲೇ ಇಲ್ಲ.

“ಟ್ರ್ಯಾಕ್ ಸರಿ ಉಂಟಲ್ಲ ಮೇಡಂ?” ಪೆನ್ ಡ್ರೈವ್ ತೆಗೆದುಕೊಳ್ಳುತ್ತಾ ಲಿಯೊನೆಲ್ ಕೇಳಿದ.

“ನಾನೇ ಆರಿಸಿದ್ದು.”

ಗಾಯಕ ಒಬ್ಬನೇ ಬರುವುದರಿಂದ ಹಿನ್ನೆಲೆ ವಾದ್ಯವೆಲ್ಲ ರೆಕಾರ್ಡಿನದ್ದು; ಜಪಾನಿನಿಂದ ಆ ಹಾಡಿನ ಎರಡು ಟ್ರ್ಯಾಕ್ ಬಂದಿದ್ದವು. ಉದ್ದದ್ದು ಅಭ್ಯಾಸಕ್ಕಿರಬೇಕು ಎಂದುಕೊಂಡು ಅವಳು ಗಿಡ್ಡದನ್ನು ಹಾಕಿದ್ದಳು. ಟೀವಿಗೆಂದು ಹಾಡನ್ನು ತೊಂಬತ್ತು ಸೆಕೆಂಡಿಗೆ ಕತ್ತರಿಸುತ್ತಾರೆಂದು ಅವಳಿಗೆ ತಿಳಿದಿರಲಿಲ್ಲ. ಹಾಡು ಇರುವುದೇ ಅಷ್ಟು ಎಂದು ಇಷ್ಟು ವರ್ಷವೂ ನಂಬಿದ್ದಳು.

ಸಂಜೆ ಎರಡು ಸಾವಿರ ಜನ ಅವನ ಜೊತೆ ಹಾಡುತ್ತಿದ್ದರು. ತೊಂಬತ್ತನೆಯ ಸೆಕೆಂಡಿಗೆ ಗಿಟಾರು, ಡ್ರಮ್ಮು ಎಲ್ಲವೂ ನಿಂತವು.

ಕನಮೋರಿ ಮುಂದಿನ ಸಾಲಿಗೆ ಬಾಯಿ ತೆರೆದಿದ್ದ.

ಯಶ್ಮಿತಾ ಲಿಯೊನೆಲ್‌ನತ್ತ ತಿರುಗಿದಳು. ಇನ್ನೂ ಉಂಟಾ? ಹಾಡು ಇನ್ನೂ ಉಂಟಾ...?

ಅವನು ಕಣ್ಣು ಮುಚ್ಚಿ, ವಾದ್ಯವಿಲ್ಲದೆಯೇ ಉಳಿದದ್ದನ್ನು ಹಾಡಿದ. ಯಾರಿಗೂ ಆ ಸಾಲುಗಳು ಗೊತ್ತಿರಲಿಲ್ಲ. ಎರಡು ಸಾವಿರ ಜನ ಉಸಿರು ಬಿಗಿಹಿಡಿದು ಕೇಳಿದರು.

ಪರದೆಯ ಹಿಂದೆ ಮ್ಯಾನೇಜರ್ ನಾರ್ಬರ್ಟ್ ಕಾದಿದ್ದ. “ಟ್ರ್ಯಾಕ್ ಚೆಕ್ ಮಾಡಿದ್ದು ಯಾರು?”

“ನಾನು ಸರ್,” ಎಂದ ಲಿಯೊನೆಲ್.

“ಖಲಾಸ್. ನಾಡಿದ್ದು ಅಬುಧಾಬಿಗೆ ಬೇರೆಯವನನ್ನು ಹಾಕ್ತೇನೆ. ನೀನು ಭಾನುವಾರ ಆಫೀಸಿಗೆ ಬಾ, ವೀಸಾ ಕ್ಯಾನ್ಸಲಿಗೆ ಸೈನ್ ಹಾಕು.”

ಯಶ್ಮಿತಾಳ ನಾಲಿಗೆ ಏಳಲಿಲ್ಲ. ಲಿಯೊನೆಲ್ ಒಮ್ಮೆ ಅವಳತ್ತ ನೋಡಿದ. ಆಮೇಲೆ ಬಗ್ಗಿ ವೈರು ಸುತ್ತತೊಡಗಿದ.

ಮನೆಗೆ ಬಂದು ಹನ್ನೊಂದು ಸಲ ಫೋನ್ ಮಾಡಿದಳು. ಸ್ವಿಚ್ ಆಫ್.

ನನ್ನ ದನಿಯೂ ಬೇಡವಾಗಿದೆ ಅವರಿಗೆ. ಬೇಡವಾಗಬೇಕಾದದ್ದೇ.

ಶುಕ್ರವಾರ ಬೆಳಿಗ್ಗೆ ಅವಳು ದುಭಾಷಿಯಾಗಿ ಹೋದಾಗ, ಅಲ್ ಮುರಕ್ಕಬಾತಿನ ಹೋಟೆಲಿನಲ್ಲಿ ಕನಮೋರಿ ತಿಂಡಿಗೆ ಕೂತಿದ್ದ. ಐವತ್ತು ದಾಟಿದ ಮನುಷ್ಯ. ವೇದಿಕೆಯಿಂದ ಇಳಿದರೆ ಬ್ಯಾಂಕಿನ ಗುಮಾಸ್ತನಂತೆ ಕಾಣುತ್ತಿದ್ದ.

“ಎಲ್ಲಿ ಹೋದರೂ ತೊಂಬತ್ತು ಸೆಕೆಂಡು ಜನ ನನ್ನ ಜೊತೆ ಹಾಡುತ್ತಾರೆ,” ಎಂದ ಅವನು ಜಪಾನಿಯಲ್ಲಿ. “ಆಮೇಲೆ ಫೋನ್ ನೋಡುತ್ತಾರೆ. ಬ್ಯಾಂಡ್ ಒಡೆದ ವರ್ಷ ನಾನು ಬರೆದದ್ದು ಉಳಿದ ಭಾಗವನ್ನು. ನಿನ್ನೆ ಮೊದಲ ಸಲ ಜನ ಅದನ್ನು ಕೇಳಿದರು. ಸೌಂಡಿನವನಿಗೆ ಧನ್ಯವಾದ ಹೇಳಬೇಕು.”

“ಅವರಲ್ಲ. ತಪ್ಪು ನನ್ನದು.”

ಕಲಿತ ಭಾಷೆಯಲ್ಲಿ ಅದು ಸುಲಭವಾಗಿ ಬಂತು. ಕನಮೋರಿ ತಲೆಬಾಗಿದ. ಅದೇ ಮಾತನ್ನು ನಾರ್ಬರ್ಟನಿಗೆ ಫೋನಿನಲ್ಲಿ ಹೇಳಲು ಅವಳು ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದಳು, ಮೂರನೆಯ ಸಲ ಹೇಳಿದಳು.

“ನಿನ್ನೆ ಬಾಯಿ ಎಲ್ಲಿತ್ತು? ನೀನು ಪ್ರೊಬೇಶನ್‌ನಲ್ಲಿರುವುದು ನೆನಪುಂಟಾ?”

“ಉಂಟು ಸರ್. ಅದಕ್ಕೇ ಹೆದರಿದ್ದು.”

ಅತ್ತಲಿಂದ ಕಾಗದ ಮಗುಚುವ ಸದ್ದು. ಆಮೇಲೆ, “ನಾಳೆ ಲಿಯೊನೆಲ್ ಬರಲಿ. ನಿನ್ನ ವಿಷಯ ಭಾನುವಾರ.”

ಅವನನ್ನು ಹುಡುಕುವುದೆಲ್ಲಿ? ಶುಕ್ರವಾರ! ಇಲ್ಲಿ ರಜೆ ಶುಕ್ರವಾರವಾದ್ದರಿಂದ ಊರಿನ ಕ್ರಿಶ್ಚಿಯನ್ನರೆಲ್ಲ ಭಾನುವಾರದ ಪೂಜೆಗೆ ಇವತ್ತೇ ಸೇರುತ್ತಾರೆ. ಪೂಜೆಯಲ್ಲಿ ಗಿಟಾರ್ ನುಡಿಸುತ್ತೇನೆಂದು ಅವನೇ ಹೇಳಿದ್ದ.

ಇಗರ್ಜಿಯ ಅಂಗಳದ ಜನಜಂಗುಳಿಯಲ್ಲಿ ಗಿಟಾರಿನ ಚೀಲ ಕಂಡಿತು. ಅವಳು ಜನರನ್ನು ಸರಿಸಿಕೊಂಡು ಓಡಿದಳು.

“ಫೋನ್ ಯಾಕೆ ಆಫ್ ಮಾಡಿದ್ರಿ?”

“ಸಿಮ್ ಕಂಪೆನಿಯದ್ದು. ನಿನ್ನೆಯೇ ವಾಪಸ್ ತೆಗೊಂಡ್ರು.”

ಅಷ್ಟೇನಾ! ಇಡೀ ರಾತ್ರಿಯ ಅಳು ಒಂದು ಸಿಮ್ಮಿಗಾಗಿ...

“ನಾರ್ಬರ್ಟ್ ಸರ್‌ಗೆ ಎಲ್ಲ ಹೇಳಿದೆ. ನಾಳೆ ನೀವು ಬರಬೇಕಂತೆ.”

ಅವನ ಮುಖ ಗಂಭೀರವಾಯಿತು. “ನಾನೂ ಟ್ರ್ಯಾಕನ್ನು ಒಂದು ನಿಮಿಷ ಕೇಳಿ ನಿಲ್ಲಿಸಿದ್ದೆ. ತಪ್ಪಿನಲ್ಲಿ ನನ್ನ ಪಾಲೂ ಉಂಟು. ನಿಮಗೆ ಎಂತ ಹೇಳಿದ್ರು?”

“ಭಾನುವಾರ ಗೊತ್ತಾಗ್ತದೆ. ಬಹುಶಃ ಊರಿಗೆ ಕಳಿಸ್ತಾರೆ. ಕೆಲಸ ಹೋದ್ರೆ ಹೋಗಲಿ. ನಿನ್ನೆ ನೀವು ನನ್ನನ್ನು ನೋಡಿದ್ರಲ್ಲ, ಆಗ ಸುಮ್ಮನಿದ್ದೆ... ಇನ್ಮೇಲೆ ನೀವು ನೋಡುವುದೇ ಇಲ್ಲವೇನೋ ಅಂತ...” ಅವಳು ಗಿಟಾರಿನ ಚೀಲವನ್ನೇ ನೋಡಿದಳು.

“ಕಾಪುವಿನಿಂದ ಶಿರ್ವಕ್ಕೆ ಬಸ್ಸುಂಟು, ಯಶ್ಮಿತಾ.”

ಮೇಡಂ ಅನ್ನದೆ ಅವನು ಕರೆದದ್ದು ಅದೇ ಮೊದಲು.

ಅವನು ತನ್ನ ಫೋನಿಗೆ ಇಯರ್‌ಫೋನ್ ಸಿಕ್ಕಿಸಿ ಒಂದು ತುದಿಯನ್ನು ಅವಳಿಗೆ ಕೊಟ್ಟ. ಕನಮೋರಿಯ ದನಿಯಲ್ಲೇ ಪೂರ್ತಿ ಹಾಡು; ರಾತ್ರಿ ಹುಡುಕಿ ಇಳಿಸಿಕೊಂಡಿದ್ದ. ತೊಂಬತ್ತನೆಯ ಸೆಕೆಂಡು ಹತ್ತಿರವಾದಂತೆ ಅವಳು ಅವನ ತೋಳನ್ನು ಬಿಗಿಯಾಗಿ ಹಿಡಿದಳು.

ಹಾಡು ನಿಲ್ಲಲಿಲ್ಲ.

“ಇನ್ನೆಷ್ಟುಂಟು?” ಪಿಸುಗುಟ್ಟಿದಳು.

“ಮೂರು ನಿಮಿಷ. ಈ ಸಾಲಿನ ಅರ್ಥ ಎಂತ?”

“ಆಮೇಲೆ ಹೇಳ್ತೇನೆ. ಗಂಡು ನೋಡ್ತಿರುವ ಅಮ್ಮನಿಗೆ ಎಂತ ಹೇಳಲಿ, ಅದು ಹೇಳಿ.”

“ತುಳುವಿನಲ್ಲೇ ಹೇಳು. ಇಡೀ ಗೋದಾಮಿಗೆ ಕೇಳುವ ಹಾಗೆ.”