ನಾಲ್ಕು ಅಕ್ಷರ, ಒಂದು ಊರು

"ಈ ನಾಲ್ಕು ಅಕ್ಷರ ಸಾಯೋಕೆ ನಾನು ಬಿಡಲ್ಲ ಡೋರಿ. ಎಲ್ಲೇ ಇರಲಿ, ಒಂದಿನ ಮಿಲ್‌ಹೇವನ್‌ಗೆ ವಾಪಸ್ ತಂದು ನಿನ್ನ ಕೈಗೇ ಕೊಡ್ತೀನಿ."

ರೇಡಿಯೋ ಗೋಪುರದ ಕೆಳಗೆ, ಜಲ್ಲಿಕಲ್ಲಿನ ಮೇಲೆ ನಿಂತು ಊರಿನ ನಿಲಯದ ಹೆಸರಾಗಿದ್ದ ನಾಲ್ಕು ಅಕ್ಷರಗಳ ಬಗ್ಗೆ ವೇಡ್ ಪ್ರೂಯಿಟ್ ಕೊಟ್ಟ ಮಾತು ಅದು. ಆಗ ಇಬ್ಬರಿಗೂ ಇಪ್ಪತ್ತೈದರ ಆಸುಪಾಸು. ಕೈಯಲ್ಲಿ ಕೈ ಇತ್ತು.

ಮಾತು ಕೊಟ್ಟ ತಿಂಗಳೊಳಗೆ ಮಿಲ್‌ಹೇವನ್‌ನಲ್ಲಿ ಅವನೂ ಇರಲಿಲ್ಲ, ಅಕ್ಷರಗಳೂ ಇರಲಿಲ್ಲ.

ಎರಡೂ ಮಿಷಿಗನ್‌ನ ತುತ್ತತುದಿಯಲ್ಲಿ, ಕಾಪರ್ ಬೇ ಎಂಬ ಸರೋವರದ ಊರಿನಲ್ಲಿದ್ದವು!

ಈಗ, ಅರ್ಧ ಆಯಸ್ಸು ಕಳೆದ ಮೇಲೆ, ಡೋರೀನ್ ಸಬೋ ಅದೇ ಕಾಪರ್ ಬೇಯ ಪುಟ್ಟ ರೇಡಿಯೋ ನಿಲಯದ ಮುಂದೆ ಬಂದು ನಿಂತಿದ್ದಳು. ಬಾಗಿಲ ಮೇಲಿನ ಬೋರ್ಡಿನಲ್ಲಿ ಅವೇ ನಾಲ್ಕು ಅಕ್ಷರ.

ಡಬ್ಲ್ಯೂ-ಎಮ್-ಎಚ್-ಕ್ಯೂ.

'ನಮ್ಮಪ್ಪನ ಅಕ್ಷರ... ಯಾವುದೋ ಊರಿನ ಬಾಗಿಲಿಗೆ ಮೊಳೆ ಹೊಡೆದು ನೇತುಹಾಕಿದ್ದಾನೆ...'

ಅವಳು ಕೈಯಿಡುವ ಮೊದಲೇ ಬಾಗಿಲು ತೆರೆಯಿತು.

ವೇಡ್. ತಲೆ ನರೆತಿತ್ತು. ಕನ್ನಡಕ ಹಣೆಯ ಮೇಲೇರಿತ್ತು. ಕಣ್ಣುಗಳು ಮಾತ್ರ ಅವೇ.

"ಡೋರಿ..."

"ಡೋರೀನ್," ಅಂದಳು. "ಮಿಸ್ಟರ್ ಪ್ರೂಯಿಟ್, ನಾನು ಹಳೇದೆಲ್ಲ ಮಾತಾಡೋಕೆ ಬಂದಿಲ್ಲ. ನಿಮ್ಮ ಸಹಿ ಹಾಕಿಸ್ಕೊಂಡು ಹೋಗೋಕೆ ಬಂದಿದೀನಿ."

ಒಳಗಿನಿಂದ ಮುದಿ ಹೆಣ್ಣುದನಿಯೊಂದು ಕೂಗಿತು. "ಒಳಗೆ ಕರ್ಕೊಂಡು ಜಗಳ ಆಡೋ ಮಾರಾಯ! ಬಾಗಿಲು ತೆಗೆದಿಟ್ರೆ ಸರೋವರದ ಗಾಳಿ ಎಲ್ಲಾ ನನ್ನ ಮಂಡಿಗೇ ಬರತ್ತೆ."

ಐಲಿ. ಬೆಳಗಿನ ಕಾರ್ಯಕ್ರಮ ನಡೆಸುವುದರಿಂದ ಹಿಡಿದು ಕಸ ಗುಡಿಸುವವರೆಗೂ ಆ ನಿಲಯಕ್ಕೆ ಅವಳೇ ದಿಕ್ಕು.

ಡೋರೀನ್ ಒಳಗೆ ಬಂದಳು. ಕೋಟು ಬಿಚ್ಚಲಿಲ್ಲ. ಚೀಲದಿಂದ ಒಪ್ಪಿಗೆ ಪತ್ರ ತೆಗೆದು ಮೇಜಿನ ಮೇಲಿಟ್ಟಳು.

ಆ ಒಂದು ಸಹಿಯ ಮೇಲೆ ಅವಳ ಮಾನವೇ ನಿಂತಿತ್ತು. ಮಿಲ್‌ಹೇವನ್‌ನ ಹಳೆಯ ನಿಲಯವನ್ನು, ಅಲ್ಲಿ ದನಿಯಾಗಿದ್ದ ಅಪ್ಪ ತೀರಿದ ಮೇಲೆ, ದೊಡ್ಡ ಕಂಪನಿಯೊಂದು ಕೊಂಡು, ಅಕ್ಷರ ಕಿತ್ತು, 'ಮಿಕ್ಸ್' ಅಂತ ಏನೋ ಹೆಸರಿಟ್ಟು, ಕೊನೆಗೆ ಹೋದ ವಸಂತದಲ್ಲಿ ಬೀಗವನ್ನೂ ಜಡಿದಿತ್ತು. ಊರವರನ್ನೆಲ್ಲ ಒಟ್ಟುಗೂಡಿಸಿ ಡೋರೀನ್ ಅದನ್ನು ಬಿಡಿಸಿಕೊಂಡಳು. ಮತ್ತೆ ಹಳೇ ಹಾಡು, ಮತ್ತೆ ಹಳೇ ದನಿ. ಆದರೆ ಹೆಸರು? ಕ್ಷೌರದಂಗಡಿಯಲ್ಲಾಗಲಿ, ಚರ್ಚಿನ ಶುಕ್ರವಾರದ ಮೀನೂಟದಲ್ಲಾಗಲಿ, ಒಬ್ಬರೂ 'ಮಿಕ್ಸ್' ಅಂದವರಲ್ಲ. ಎಲ್ಲರಿಗೂ ಅದು ಇವತ್ತಿಗೂ ಎಮ್-ಎಚ್-ಕ್ಯೂ.

ಆ ಹುಮ್ಮಸ್ಸಿನಲ್ಲೇ ಅವಳು ದುಡುಕಿದ್ದಳು. ಮುಂದಿನ ತಿಂಗಳ ಮೊದಲ ಶನಿವಾರ, ನಡುಮಧ್ಯಾಹ್ನ ಹನ್ನೆರಡಕ್ಕೆ, ಅಕ್ಷರಗಳು ಮನೆಗೆ ಬರುತ್ತವೆ ಎಂದು ಸಾರಿಬಿಟ್ಟಿದ್ದಳು. ಸೇತುವೆಗೆ ಬ್ಯಾನರೂ ಏರಿತ್ತು. ಆದರೆ ಅಕ್ಷರ ಯಾರ ಹತ್ತಿರ ಇದೆಯೋ ಅವರು ಒಪ್ಪಿ ಬರೆದುಕೊಟ್ಟರೆ ಮಾತ್ರ ಇನ್ನೊಬ್ಬರಿಗೆ. ವೇಡ್ ಒಲ್ಲೆ ಎಂದರೆ... ಅಪ್ಪನ ಊರಿನಲ್ಲಿ ಅವಳು ತಲೆಯೆತ್ತಿ ಓಡಾಡುವಂತಿರಲಿಲ್ಲ.

"ಸಹಿ ಹಾಕ್ತೀನಿ," ಅಂದ ವೇಡ್. "ಆದ್ರೆ ಹನ್ನೆರಡು ಗಂಟೆವರೆಗೂ ನೀನು ಇಲ್ಲೇ ಕೂತಿರ್ಬೇಕು."

"ಯಾಕೆ?"

"ಕೂತಿರು. ಅಷ್ಟೇ ಕೇಳ್ತೀನಿ."

ಅವನು ಸ್ಟುಡಿಯೋದೊಳಗೆ ಹೋಗಿ ಬಾಗಿಲು ಹಾಕಿಕೊಂಡ.

'ಇನ್ನೂ ಆಟ ಆಡಿಸ್ತಿದಾನೆ. ಅಷ್ಟು ವರ್ಷ ಆಡಿಸಿದ್ದು ಸಾಲದು...'

ಐಲಿ ಬಿಸಿ ಪೇಸ್ಟಿಯೊಂದನ್ನು ತಂದು ಮುಂದಿಟ್ಟಳು. ಮಾಂಸ, ಆಲೂಗಡ್ಡೆ ತುಂಬಿ ಸುಟ್ಟದ್ದು, ಅಂಗೈಗಿಂತ ದೊಡ್ಡದು.

"ತಿನ್ನು. ಸಿಟ್ಟು ಮಾಡೋಕೂ ಹೊಟ್ಟೆಲಿ ಏನಾದ್ರೂ ಇರ್ಬೇಕಮ್ಮ."

"ನನಗೆ ಹಸಿವಿಲ್ಲ."

"ಡೆನ್ವರ್‌ನವರು ಎರಡು ಸಲ ಕರೆದ್ರು, ಗೊತ್ತಾ ನಿನಗೆ? ದೊಡ್ಡ ಸ್ಟೇಷನ್. ಈ ಮಹಾಶಯ ಹೋಗ್ಲಿಲ್ಲ."

ಡೋರೀನ್ ತಲೆಯೆತ್ತಿದಳು. ಡೆನ್ವರ್ ವಿಷಯ ಅವಳ ಕಿವಿಗೂ ಬಿದ್ದಿತ್ತು. ಅವರೇ ಬೇಡ ಅಂದಿರಬೇಕು, ಕಳ್ಳನಿಗೆ ಯಾರು ಕೆಲಸ ಕೊಡ್ತಾರೆ ಅಂದುಕೊಂಡು ಹಾಲು ಕುಡಿದಷ್ಟು ತಣ್ಣಗಾಗಿದ್ದಳು ಆವತ್ತು.

"ಯಾಕೆ ಹೋಗ್ಲಿಲ್ಲ?"

"ರೇಡಿಯೋದವಳಾಗಿ ನನ್ನ ಕೇಳ್ತೀಯಲ್ಲ! ಡಬ್ಲ್ಯೂ ಅನ್ನೋದು ಮಿಸಿಸಿಪಿ ಹೊಳೆಯ ಈ ಕಡೆಗೆ ತಾನೆ? ದಾಟಿ ಡೆನ್ವರ್ ಕಡೆ ಹೋದ್ರೆ ಹೆಸರು ಕೆ ಇಂದ ಶುರುವಾಗ್ಬೇಕು. 'ಇಲ್ಲೇ ಬಿಟ್ಟು ಹೋದ್ರೆ ಇವಕ್ಕೆ ಕಾವಲಿಲ್ಲ, ಕರ್ಕೊಂಡು ಹೋಗೋಣ ಅಂದ್ರೆ ಹೊಳೆ ದಾಟಲ್ಲ ಐಲಿ' ಅಂದ. ಯಾವ ಹುಚ್ಚ ನಾಲ್ಕು ಅಕ್ಷರಕ್ಕೋಸ್ಕರ ಡೆನ್ವರ್ ಬಿಡ್ತಾನೆ? ಅಕ್ಷರದ ಹಿಂದೆ ಯಾವಳೋ ಇರ್ಬೇಕು ಅಂತ ಆಗಲೇ ಅಂದ್ಕೊಂಡೆ." ಐಲಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವತ್ತು ಬಂದು, ಕೋಟು ಕೂಡ ಬಿಚ್ಚದೆ ಕೂತಿದಾಳೆ."

ಡೋರೀನ್‌ಗೆ ಕೋಟು ಬಿಗಿಯೆನಿಸಿ ಮೇಲಿನ ಗುಂಡಿ ಬಿಚ್ಚಿದಳು. ಪೇಸ್ಟಿಯ ಅಂಚು ಮುರಿದಳು.

ಅಷ್ಟರಲ್ಲಿ ಹನ್ನೆರಡಾಯಿತು.

ಗಂಟೆಗೊಮ್ಮೆ ಪ್ರತಿ ನಿಲಯವೂ ತನ್ನ ಅಕ್ಷರಗಳನ್ನು, ಅದರ ಬೆನ್ನಿಗೇ ತನ್ನ ಊರನ್ನು ಹೇಳಲೇಬೇಕು. ಅದು ನಿಯಮ. ಗೋಡೆಯ ಮೇಲಿನ ಪುಟ್ಟ ಸ್ಪೀಕರ್‌ನಲ್ಲಿ ಹಾಡು ನಿಂತಿತು. ಒಂದು ಉಸಿರಿನಷ್ಟು ಮೌನ.

"ಡಬ್ಲ್ಯೂ... ಎಮ್... ಎಚ್... ಕ್ಯೂ."

ಪೇಸ್ಟಿ ಅವಳ ಕೈಜಾರಿ ನೆಲಕ್ಕೆ ಬಿತ್ತು.

ಅಪ್ಪ.

ಆ 'ಕ್ಯೂ' ಹೇಳುವಾಗ ತುಟಿಯಂಚಿನಲ್ಲಿ ನಗು ಬಂದು ಅಕ್ಷರ ಸ್ವಲ್ಪ ಉದ್ದವಾಗುತ್ತಿತ್ತಲ್ಲ... ಅದೇ. ಲೂ ಸಬೋ. ಮಿಲ್‌ಹೇವನ್‌ನ ಮೂರು ತಲೆಮಾರಿಗೆ ಮಧ್ಯಾಹ್ನದ ಹೊತ್ತು ಹೇಳಿದ ದನಿ. ಅಪ್ಪ ತೀರಿದ ಮರುವರ್ಷ ಕಂಪನಿಯವರು ಟೇಪುಗಳನ್ನೆಲ್ಲ ಕಸಕ್ಕೆ ಸುರಿದಿದ್ದರು. ಅವಳ ಹತ್ತಿರ ಅಪ್ಪನ ಒಂದು ಕೆಮ್ಮು ಕೂಡ ಉಳಿದಿರಲಿಲ್ಲ.

ಆ ದನಿಗೆ ಅಂಟಿಕೊಂಡೇ ವೇಡ್‌ನ ದನಿ ಬಂತು. "ಕಾಪರ್ ಬೇ."

ಅವನು ಹೊರಗೆ ಬಂದಾಗ ಡೋರೀನ್ ಎದ್ದು ಸ್ಪೀಕರಿನ ಕೆಳಗೆ ನಿಂತಿದ್ದಳು. ಐಲಿ ಎದ್ದು ಸ್ಟುಡಿಯೋದೊಳಗೆ ಹೋದಳು.

"ಎಲ್ಲಿ ಸಿಕ್ತು?" ಡೋರೀನ್ ಕೇಳಿದಳು.

"ಕಸದ ತೊಟ್ಟಿಲಿ. ಸೊಂಟದ ತನಕ ಇಳಿದು ಹುಡುಕಿದೆ. ಇದೊಂದೇ ಸಿಕ್ಕಿದ್ದು." ಅಂಗಿಯ ಜೇಬಿನಿಂದ ಪುದೀನ ಪೆಪ್ಪರ್‌ಮಿಂಟಿನ ಹಳೇ ಡಬ್ಬಿ ತೆಗೆದು ತೆರೆದ. ಒಳಗೆ ಬೆರಳುದ್ದದ ಕಂದು ಟೇಪಿನ ತುಂಡೊಂದು ಅಂಟಿಕೊಂಡಿತ್ತು. "ಇದರಲ್ಲಿ ನಿಮ್ಮಪ್ಪ 'ಮಿಲ್‌ಹೇವನ್' ಅಂದಿರೋದಿದೆ. ಬ್ಲೇಡಲ್ಲಿ ಕುಯ್ದು ತೆಗೆದಿಟ್ಟೆ. ಅಕ್ಷರ ಸಾಲ ತಂದಿದ್ದೆ, ಊರಿನ ಹೆಸರಿಗೆ ಇಲ್ಲಿ ಹಕ್ಕಿರಲಿಲ್ಲ."

"ಅಕ್ಷರಾನ ಯಾಕೆ ತಂದೆ? ನನಗೆ ಒಂದು ಮಾತು ಹೇಳದೆ?"

"ಕಂಪನಿ ಕೈಬಿಟ್ಟ ದಿನವೇ ಫ್ಲೋರಿಡಾದವರೊಬ್ರು ಬಾಯಿ ತೆಗೆದು ಕೂತಿದ್ರು. ಮೊದಲು ಕೇಳಿದವರಿಗೆ ಸಿಗೋದು ತಾನೆ? ಮುಂದೆ ಈ ಸ್ಟೇಷನ್ ನನಗೇ ಬಿಟ್ಟುಹೋದ ಇಲ್ಲಿನ ಮುದುಕ ಯಜಮಾನ ಒಬ್ಬನೇ ನನ್ನ ಮಾತಿಗೆ ಹೂಂ ಅಂದಿದ್ದು. ಆಮೇಲೆ ನಿನಗೆ ಫೋನ್ ಮಾಡ್ದೆ. ಮಾಡ್ತಾನೇ ಇದ್ದೆ. ನಿಮ್ಮಮ್ಮ ಎತ್ತೋರು, ಇಡೋರು."

ಡೋರೀನ್ ಕಣ್ಣು ಮುಚ್ಚಿದಳು. 'ಕಳ್ಳನ ಹತ್ರ ನನಗೇನೂ ಮಾತಿಲ್ಲ ಅಂತ ಹೇಳಮ್ಮ' ಎಂದು ಮೆಟ್ಟಿಲ ಮೇಲೆ ನಿಂತು ಕೂಗಿದವಳು ಅವಳೇ.

"ಒಂದಿನ ನಿನಗೆ ಮದುವೆ ಆಯ್ತು ಅಂದ್ರು. ಇನ್ನೊಬ್ಬರ ಮನೆಯೊಳಗೆ ಕಲ್ಲೆಸೆಯೋದು ಬೇಡ ಅನ್ನಿಸ್ತು."

"ಆ ಮನೆ ಬಿದ್ದುಹೋಗಿ ಎಷ್ಟೋ ಕಾಲ ಆಯ್ತು, ವೇಡ್."

ಅವನ ಹೆಸರು ಅವಳ ಬಾಯಲ್ಲಿ ಬಂದದ್ದು ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಇಬ್ಬರೂ ಅದನ್ನು ಕೇಳಿಸಿಕೊಂಡರು.

ವೇಡ್ ಸಹಿ ಹಾಕಿದ.

"ಟೇಪು ನಾನೇ ತರ್ತೀನಿ. ಪೋಸ್ಟಲ್ಲಿ ಕಳಿಸೋ ವಸ್ತು ಅಲ್ಲ ಅದು." ಆಮೇಲೆ ಬಾಗಿಲವರೆಗೆ ಬಂದು, ತಗ್ಗಿದ ದನಿಯಲ್ಲಿ ಅಂದ. "ಬರೋಕೆ ಧೈರ್ಯ ಸಾಲ್ಬೇಕು ಅಷ್ಟೇ. ಆ ಊರಿಗೆ ನಾನಿನ್ನೂ ಕಳ್ಳನೇ ಅಲ್ವಾ ಡೋರಿ?"

ಅವಳು ಸಹಿಯಾದ ಪತ್ರವನ್ನು ಚೀಲಕ್ಕೆ ಸೇರಿಸಿದಳು. ಊರಿಗೆ ಹಾಗೆಂದು ಹೇಳಿದವರು ಯಾರು? ತಾನೇ.

* * *

ಶನಿವಾರ.

ಮಿಲ್‌ಹೇವನ್‌ಗೆ ಹಬ್ಬ ಬಂದಿತ್ತು. ನಿಲಯದ ಮುಂದಿನ ಬಯಲಿನಲ್ಲಿ ಅಗ್ನಿಶಾಮಕ ದಳದವರು ಸಾಸೇಜು ಸುಡುತ್ತಿದ್ದರು. ಚರ್ಚಿನ ಹೆಂಗಸರು ಆಲೂಗಡ್ಡೆ ತುಂಬಿದ ಕಡುಬು, ಪಿರೋಗಿ, ಬೇಯಿಸುತ್ತಿದ್ದರು. ಮೇಜಿನ ತುಂಬ ಮನೆಮನೆಯಿಂದ ಬಂದ ಕುಕ್ಕಿ ಬಿಸ್ಕತ್ತುಗಳು. ಕಾರುಗಳು ಸೇತುವೆಯವರೆಗೂ ಸಾಲುಗಟ್ಟಿ ನಿಂತು, ಎಲ್ಲದರ ಕಿಟಕಿ ತೆರೆದು, ಎಲ್ಲದರಲ್ಲೂ ಅದೇ ರೇಡಿಯೋ.

ಹನ್ನೆರಡು ಹತ್ತಿರವಾಗುತ್ತಿತ್ತು. ವೇಡ್ ಬಂದಿರಲಿಲ್ಲ. ಫೋನೂ ಎತ್ತುತ್ತಿರಲಿಲ್ಲ.

"ಬರಲ್ಲ ಬಿಡು," ಅಂದಳು ಬರ್ನಿಸ್. ಲೂ ಸಬೋನ ಕಾಲದಿಂದಲೂ ನಿಲಯದ ಕಚೇರಿ ನೋಡಿಕೊಂಡವಳು. "ಬಂದ್ರೂ ಆ ಕಳ್ಳನಿಗೆ ನನ್ನ ಕೈಯಿಂದ ಒಂದು ಲೋಟ ಕಾಫಿ ಹುಟ್ಟಲ್ಲ. ನೀನೇ ಹೇಳು ಅಕ್ಷರಾನ, ಲೂ ಮಗಳು ತಾನೆ ನೀನು."

ಡೋರೀನ್ ಗಡಿಯಾರ ನೋಡಿದಳು. ಹೇಳಬಹುದಿತ್ತು. ಅಕ್ಷರ ಈಗ ಕಾನೂನಿನ ಪ್ರಕಾರ ತನ್ನವೇ. ಊರು ಚಪ್ಪಾಳೆ ತಟ್ಟುತ್ತದೆ. ಆದರೆ...

'ಅವನು ಎಲ್ಲೋ ಹತ್ತಿರದಲ್ಲೇ ಇದಾನೆ. ಒಳಗೆ ಬರೋಕೆ ಆಗ್ತಿಲ್ಲ ಅಷ್ಟೇ.'

ಅವಳು ಹಾಡನ್ನು ತಗ್ಗಿಸಿ ಮೈಕ್ ತೆರೆದಳು.

"ಮಿಲ್‌ಹೇವನ್, ನಾನು ಡೋರೀನ್. ಒಂದು ಮಾತು ಹೇಳೋದಿದೆ. ವೇಡ್ ಪ್ರೂಯಿಟ್ ನಮ್ಮ ಅಕ್ಷರ ಕದ್ದ ಅಂತ ನಿಮಗೆಲ್ಲ ಹೇಳಿದವಳು ನಾನು. ಅದು ಸುಳ್ಳು. ಅವನು ಕದೀಲಿಲ್ಲ. ಕಾದ. ಕಾಯೋಕೆ ಅಂತ ಡೆನ್ವರ್ ಬಿಟ್ಟ, ಊರು ಬಿಟ್ಟ, ಹೆಸರು ಕೆಡಿಸ್ಕೊಂಡ... ಅದನ್ನ ಕೆಡಿಸಿದ್ದೂ ನಾನೇ. ವೇಡ್, ಕೇಳಿಸ್ಕೊಳ್ತಿದ್ರೆ ಬಾ. ನೀನು ಬರದೆ ಈ ಬಾಯಲ್ಲಿ ಆ ಅಕ್ಷರ ಬರಲ್ಲ. ಊರೆಲ್ಲ ನಗಲಿ, ಪರವಾಗಿಲ್ಲ."

ಬಯಲಿನ ಜನ ಕಾರುಗಳ ರೇಡಿಯೋ ಕಡೆ ತಿರುಗಿದರು. ಒಲೆಯ ಮೇಲೆ ಸಾಸೇಜು ಸೀಯತೊಡಗಿತು.

ಬರ್ನಿಸ್ ಕಿಟಕಿಗೆ ಮುಖ ಒತ್ತಿದಳು. ಸೇತುವೆಯ ಆ ತುದಿಯಿಂದ, ಬೆಳಗಿನಿಂದಲೂ ಅಲ್ಲೇ ನಿಂತಿದ್ದ ಮಿಷಿಗನ್ ನಂಬರಿನ ತುಕ್ಕು ಹಿಡಿದ ಟ್ರಕ್ಕೊಂದು ನಿಧಾನವಾಗಿ ಹೊರಟಿತು. ಕಾರುಗಳು ಒಂದೊಂದಾಗಿ ಸರಿದು ದಾರಿ ಬಿಟ್ಟವು. ಯಾರೋ ಟ್ರಕ್ಕಿನ ಬಾಗಿಲು ತಟ್ಟಿದರು. ಇನ್ಯಾರೋ ಕಿಟಕಿಯೊಳಗೆ ಪಿರೋಗಿ ತಟ್ಟೆಯನ್ನೇ ತೂರಿಸಿದರು.

ವೇಡ್ ಒಳಗೆ ಬಂದಾಗ ಒಂದು ಕೈಯಲ್ಲಿ ಟೇಪಿನ ಪೆಟ್ಟಿಗೆ, ಇನ್ನೊಂದರಲ್ಲಿ ಪಿರೋಗಿ ತಟ್ಟೆ. ಎರಡು ಕಣ್ಣಲ್ಲೂ ನೀರು.

ಬರ್ನಿಸ್ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಕಾಫಿ ಬಗ್ಗಿಸಿದಳು. "ಸಕ್ಕರೆ ಎಷ್ಟೋ? ಮರೆತೇ ಹೋಯ್ತು."

ವೇಡ್ ಟೇಪನ್ನು ಮೇಜಿನ ಮೇಲೆ ಹರಡಿದ. ಡಬ್ಬಿ ತೆರೆದ. ಎರಡು ತುದಿಗಳನ್ನು ಸೇರಿಸಿ ಹಿಡಿದ. ಡೋರೀನ್ ಅವನ ಬೆರಳ ಮೇಲೆ ತನ್ನ ಬೆರಳಿಟ್ಟು ಒತ್ತಿ ಹಿಡಿದಳು. ತುಂಡು ಟೇಪಿಗೆ ಕೂಡಿತು. ಅಂಟು ಕಚ್ಚಿತು.

"ನೀನೇ ಒತ್ತು," ಅಂದ.

"ಒಟ್ಟಿಗೆ."

ಸರಿಯಾಗಿ ಹನ್ನೆರಡಕ್ಕೆ ಒತ್ತಿದರು.

"ಡಬ್ಲ್ಯೂ... ಎಮ್... ಎಚ್... ಕ್ಯೂ. ಮಿಲ್‌ಹೇವನ್."

ಮೊದಲು ಸೇತುವೆಯ ಮೇಲಿಂದ ಒಂದು ಕಾರು ಹಾರ್ನ್ ಮಾಡಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲ ಕಾರುಗಳೂ. ಅಗ್ನಿಶಾಮಕದ ಸೈರನ್ ಏರಿತು, ಚರ್ಚಿನ ಗಂಟೆ ಅದಕ್ಕೆ ಸೇರಿತು. ಹೊಳೆಯ ಎರಡೂ ದಡದಿಂದ ಊರಿಗೆ ಊರೇ ಕೂಗುತ್ತಿತ್ತು. ಅಳಬಾರದೆಂದು ಹಠ ಹಿಡಿದಿದ್ದ ಬರ್ನಿಸ್ ಫೈಲುಗಳ ಬೀರುವಿನ ಕಡೆ ತಿರುಗಿ ನಿಂತಳು.

ಡೋರೀನ್ ವೇಡ್‌ನ ಭುಜಕ್ಕೆ ಹಣೆಯಿಟ್ಟಳು.

"ಮತ್ತೆ ಒಂದು ಗಂಟೆಗೆ ಹೇಳ್ಬೇಕಲ್ಲ," ಅಂದಳು ಸದ್ದಿನ ನಡುವೆ. "ಅಲ್ಲಿವರೆಗೂ ಇರ್ತೀಯಾ?"

"ಅಲ್ಲಿನ ಸ್ಟೇಷನ್ನು ಐಲಿ ಕೈಗೆ ಕೊಟ್ಟು ಬಂದಿದೀನಿ. ಹೊಸ ಅಕ್ಷರ ಅವಳೇ ಆರಿಸ್ಕೊಂಡ್ಲು. ನನ್ನ ಹತ್ರ ಇನ್ನು ಕಾಯೋಕೆ ಏನೂ ಉಳಿದಿಲ್ಲ ಡೋರಿ."

"ನಾನಿಲ್ವಾ?"

ಅವನು ನಕ್ಕ. "ನೀನು ಯಾರ ಕಾವಲಿಗಾದ್ರೂ ನಿಲ್ಲೋವಳಾ?"

"ಕಾವಲು ಬೇಡ. ಜೊತೆಗಿರು ಸಾಕು."

"ಇರ್ತೀನಿ."

ವೇಡ್ ಪ್ರೂಯಿಟ್ ಗೋಪುರದ ಕೆಳಗೆ ಕೊಟ್ಟ ಮಾತು ಉಳಿಸಿಕೊಂಡ.